ತೊಳೆಯಬೇಡಿ

ಬೋರಾ ಬಜಾರಿನ ಎರಡನೇ ಗಲ್ಲಿ, ಮೆಟ್ಟಿಲ ಕೆಳಗಿನ ಅಂಗಡಿ.
ನಾನು ನಿಂತರೆ ಇಲಿಯಾಸ್ ಕೂರಬೇಕು,
ಇಲಿಯಾಸ್ ನಿಂತರೆ ನಾನು.
ಮೂವತ್ತೊಂದು ವರ್ಷದಿಂದ ಇಲ್ಲಿ
ಕ್ಯಾಮೆರಾಗಳ ಹೊಟ್ಟೆ ಬಿಚ್ಚುತ್ತೇನೆ.
ಮಳೆಗಾಲಕ್ಕೆ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ
ಜೇಡನ ಕಾಲಿನ ಹಾಗೆ, ಸಣ್ಣಗೆ, ಕವಲೊಡೆದು;
ಈ ಊರಿನ ಹಸಿ ಗಾಳಿಯೇ ನನ್ನ ಅನ್ನ.

ಮೃದುಲಾ ಕರ್ಣಿಕ್ ಜೂನ್ ಮೊದಲ ವಾರ ಬಂದರು.
ಸ್ಪಿತಿಯ ಬಿಸಿಲಿಗೆ ಮೂಗಿನ ತುದಿ ಇನ್ನೂ ಸುಲಿಯುತ್ತಿತ್ತು.
ನಾಲ್ಕು ಚಳಿಗಾಲ ಹೋಗಿದ್ದಾರೆ, ಹಿಮಚಿರತೆಯ ಬೆನ್ನು ಹತ್ತಿ.
ಬೆನ್ನು ಎಲ್ಲಿ ಬಂತು, ಬಾಲವನ್ನೂ ಕಂಡಿಲ್ಲ.
ಬಂಡೆಗೆ ಕಟ್ಟಿ ಬರುವ ಪೆಟ್ಟಿಗೆ-ಕ್ಯಾಮೆರಾ ಮೇಜಿನ ಮೇಲಿಟ್ಟರು:
ಯಾರಾದರೂ ಎದುರು ಹಾದರೆ ತಾನೇ ಕಣ್ಣು ಮಿಟುಕಿಸುವಂಥದ್ದು.
ಗಾಜು ಬಿರಿದಿದೆ. ಸೀಲಿನೊಳಗೆ ನೀರು.
"ಒಳಗೆ ಏನು ಬೇಕಾದರೂ ಮಾಡಿ. ಹೊರಗೆ ಮಾತ್ರ ತೊಳೆಯಬೇಡಿ."
ಯಾಕೆ ಅಂದೆ.
"ಅದು ಉಚ್ಚೆ ಹೊಯ್ದು ಹೋಗಿದೆ" ಅಂದರು,
ಮಗಳಿಗೆ ರ‍್ಯಾಂಕ್ ಬಂತು ಅನ್ನುವ ದನಿಯಲ್ಲಿ.

ಕಾರ್ಡು ಹಾಕಿ ನೋಡಿದೆವು. ಎರಡು ಸಾವಿರದ ಮುನ್ನೂರ ಹನ್ನೆರಡು ಚಿತ್ರ.
ಹಿಮ. ಹಿಮ. ನೀಲಿ ಕುರಿಯ ಮಂಡಿ. ಹಿಮ.
ನಾಲಿಗೆ ಚಾಚಿದ ಕುರಿಗಾಹಿ ಹುಡುಗ.
ಒಂದು ಕಲ್ಲು, ಅದರ ನೆರಳು ಬೆಳೆಯುವುದು, ಕುಗ್ಗುವುದು,
ಗಾಳಿಗೋ ದೆವ್ವಕ್ಕೋ ಮಿಟುಕಿಸಿದ ನಾನೂರು ಸಲ.
ಕೊನೆಗೆ ಫೆಬ್ರವರಿ ಹತ್ತೊಂಬತ್ತು, ನಸುಕಿನ ನಾಲ್ಕು ಹತ್ತು,
ಮೈನಸ್ ಇಪ್ಪತ್ತಾರು:
ಮೂರು ಚಿತ್ರ, ಬರೀ ಬೂದಿ ಬಣ್ಣ.
ಮೀಸೆಯಿರಬಹುದಾದ ಒಂದು ಗೆರೆ.
ಅಷ್ಟು ಹತ್ತಿರ ಬಂದಿತ್ತು. ಅಷ್ಟು ಹತ್ತಿರಕ್ಕೆ ಈ ಲೆನ್ಸಿಗೆ ಫೋಕಸ್ ಇಲ್ಲ,
ಒಂದೂವರೆ ಮೀಟರ್ ಆಚೆ ನಿಲ್ಲಬೇಕು ಲೋಕ.
"ಇದು ಕಂಬಳಿ ಅಲ್ವಾ ಮೇಡಂ?" ಇಲಿಯಾಸ್ ಕೇಳಿದ.
ಆಕೆ ನಕ್ಕರು; ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು.

ನಾನು ಹಿಮ ನೋಡಿದವನಲ್ಲ.
ನನ್ನ ಪಾಲಿನ ಹಿಮ ಸಸೂನ್ ಡಾಕಿನದು,
ಮೀನಿನ ಬುಟ್ಟಿಗೆ ಒಡೆದು ಸುರಿವ ಗಡ್ಡೆ, ಕೆಳಗೆ ಕೆಂಪು ನೀರು.
ಪೆಟ್ಟಿಗೆ ಮೂಸಿ ನೋಡಿದೆ. ಏನೂ ತಿಳಿಯಲಿಲ್ಲ;
ಹಳೆ ಟಾರ್ಪಾಲು, ಸ್ವಲ್ಪ ಕಬ್ಬಿಣ.

ಸುರಮಯಿ ನಮ್ಮ ಗಲ್ಲಿಯ ಬೆಕ್ಕು.
ಅರ್ಧ ಕಿವಿ ನಾಯಿಗೆ ಕೊಟ್ಟು, ನಾಯಿಯ ಒಂದು ಕಣ್ಣು ತಂದವಳು.
ಟ್ಯಾಕ್ಸಿ ಹಾರ್ನಿಗೂ ಬಾಲ ಅಲುಗಿಸದವಳು
ಸಂಜೆ ಬೊಂಬಿಲಿನ ತಲೆ ಕೇಳಲು ಮೇಜು ಹತ್ತಿ
ಪೆಟ್ಟಿಗೆಯ ಬಳಿ ಮೂಗು ತಂದಳು,
ತಂದಳು, ನಿಂತಳು.
ಬೆನ್ನು ಬಿಲ್ಲಾಯಿತು, ಬಾಲ ಬಾಟಲಿ ತೊಳೆವ ಬ್ರಶ್ಶಾಯಿತು,
ಸ್ಕ್ರೂ ಡಬ್ಬಿ ಉರುಳಿಸಿ ಗಲ್ಲಿಯ ಆಚೆ ದಡ ಸೇರಿ
ಜೆರಾಕ್ಸ್ ಅಂಗಡಿಯ ಮೆಟ್ಟಿಲಿನಿಂದ ನಮ್ಮನ್ನೇ ದಿಟ್ಟಿಸಿದಳು
ಮೂರು ದಿನ. ಮೀನು ಇಟ್ಟರೂ ಬರಲಿಲ್ಲ.

ಮೂರು ದಿನ ನನ್ನ ಅಂಗಡಿಯಲ್ಲಿ ಯಾರೋ ಇದ್ದರು.
ಬೀಗ ಹಾಕುವಾಗ ಕೈ ಸ್ವಲ್ಪ ತಡೆಯುತ್ತಿತ್ತು;
ಇಲಿಯಾಸ್ ಒಳಗೆ ಕಾಲಿಡುವ ಮುನ್ನ ಕೆಮ್ಮಲು ಶುರು ಮಾಡಿದ.

ನಾಲ್ಕನೇ ರಾತ್ರಿ ಮಳೆ ಹಿಡಿಯಿತು. ಕರೆಂಟಿಲ್ಲ.
ಟಾರ್ಚು ಬಾಯಲ್ಲಿ ಕಚ್ಚಿ ಹೊಸ ಸೀಲು ಕೂರಿಸುತ್ತಿದ್ದೆ,
ಸುರಮಯಿ ನೆನೆದು ಬಂದಳು.
ಹೊಟ್ಟೆ ನೆಲಕ್ಕೆ ತಾಗಿಸಿ, ಒಂದೊಂದೇ ಹೆಜ್ಜೆ.
ಮೀನು ಕದಿಯುವ ನಡಿಗೆಯಲ್ಲ ಅದು.
ಮೇಜು ಹತ್ತಿ ಅದರ ಅಂಚಿನಲ್ಲಿ
ಕೆಳಗೆ ಏನೋ ಆಳ ಇದ್ದ ಹಾಗೆ ನಿಂತಳು.
ಮೂಸಿದಳು. ಇನ್ನೊಮ್ಮೆ ಮೂಸಿದಳು.
ಬಾಯಿ ಅರೆ ತೆರೆದು ಗಾಳಿ ನೆಕ್ಕಿದಳು.
ಆಮೇಲೆ ಕೆನ್ನೆ ಒತ್ತಿ, ಆ ಮೂಲೆಗೇ,
ನಿಧಾನ, ಎರಡು ಸಲ ತೀಡಿದಳು.
ನಾನು ಟಾರ್ಚು ಆರಿಸಿದೆ. ಯಾಕೋ ನೋಡಬಾರದು ಅನ್ನಿಸಿತು.

ಬಿಲ್ಲು ಬರೆದೆ: ಗಾಜು ಒಂದು. ಸೀಲು ಒಂದು. ಬಲ್ಬು ಎರಡು.
ಹೊರಮೈ ತೊಳೆದಿಲ್ಲ.
ಮೃದುಲಾ ಮೂಸಿ ನೋಡಿ, ತೃಪ್ತಿಯಿಂದ ಚೀಲಕ್ಕಿಳಿಸಿದರು.
ಅಕ್ಟೋಬರಿನಲ್ಲಿ ಅದೇ ಬಂಡೆಗೆ ಕಟ್ಟುತ್ತಾರಂತೆ.
ಹದಿನಾಲ್ಕು ಸಾವಿರ ಅಡಿ. ಅಲ್ಲಿಗೆ ಹೋಗುತ್ತದೆ ನಮ್ಮ ಗಲ್ಲಿ:
ಬೊಂಬಿಲು, ಜೆರಾಕ್ಸ್ ಪುಡಿ, ಒಂದು ಅರ್ಧ ಕಿವಿ.
ಓದಬಲ್ಲವರು ಅಲ್ಲಿ ಒಬ್ಬರೇ.

ಹೇಳಬೇಕೆಂದುಕೊಂಡೆ. ಇಲಿಯಾಸ್ ಚಹಾ ತಂದ. ಹೇಳಲಿಲ್ಲ.